ಅಳು ಬರೋತನಕ

"ಹುಟ್ಟಿದ ಕೂಡ್ಲೆ ಅತ್ತಿತ್ತೇನ್ರಿ ಕೂಸು?"
ವಿಜಯಪುರದ ದವಾಖಾನ್ಯಾಗ
ಹೊಸಾ ಡಾಕ್ಟರು ಕೇಳಿದರು,
ಕಾಗದದಿಂದ ಪೆನ್ನು ಎತ್ತದನ.
ಹತ್ತೊಂಬತ್ತು ವರ್ಷ ಯಾರೂ ಕೇಳಿರಲಿಲ್ಲ.

ಇಲ್ಲರಿ.
ಕೊಲ್ಹಾರದ ಸೇತುವಿ ನಡುವ, ಜೀಪಿನ್ಯಾಗ,
ಕರುಳಬಳ್ಳಿ ಕೊರಳಿಗೆ ಎರಡು ಸುತ್ತು,
ಮೈಯೆಲ್ಲಾ ನೇರಳಿ ಹಣ್ಣು.
ಬಡಿಯಾಕ ಗಂಗಾಳ ಇರಲಿಲ್ಲ,
ನಮ್ಮತ್ತಿ ಗುರುಸಂಗವ್ವ ಹಿತ್ತಾಳಿ ಚರಿಗಿಲೆ
ಜೀಪಿನ ತಗಡು ಬಡದಳು.
ಮೋದಿನಸಾಬ ಹಾರ್ನ್ ಒತ್ತಿದಾಂವ ಕೈ ತೆಗೀಲಿಲ್ಲ.
ಕೆಳಗ ಕೃಷ್ಣಾ ಹೊಳಿ ಸುಮ್ಮನಿತ್ತು.

ಎಷ್ಟು ನಿಮಿಷ?
ನನ್ನ ಕಡೆ ಗಡಿಯಾರ ಇರಲಿಲ್ಲರಿ.
ಸೇತುವಿ ಮುಗಿಯೂದ್ರಾಗ ಅತ್ತ, ಬೆಕ್ಕಿನ ಮರಿಯಂಗ.
ಅತ್ತನಲ್ಲ, ಅಂತ ಸಕ್ಕರಿ ಹಂಚಿದ್ವಿ.

ಹೋದ ಶ್ರಾವಣದಿಂದ ಚಿದಾನಂದ
ಐಟಿಐಗೆ ಹೋಗವಲ್ಲ.
ಯಾರೋ ಹೆಸರು ಹಿಡದು ಬೈತಾರಂತ,
ಕಿವಿಗೆ ಹತ್ತಿ ತುರುಕೋತಾನ.

"ಅದ ಕಾರಣ ಅನ್ನಾಕಾಗೂದಿಲ್ಲವ್ವ.
ಉಸಿರು ತಡದ ಕೂಸಿಗೆ ಅಪಾಯ ತುಸು ಹೆಚ್ಚು, ಅಷ್ಟ.
ಬಾಳ ಮಂದಿಗೆ ಏನೂ ಆಗೂದಿಲ್ಲ."
ಖರೇ. ನಮ್ಮಕ್ಕನ ಮಗಳೂ ಅತ್ತಿರಲಿಲ್ಲ,
ಈಗ ಬಾಗಲಕೋಟಿ ಬಸ್ಸಿನ್ಯಾಗ ಟಿಕೇಟು ಹರೀತಾಳ,
ಚಿಲ್ಲರಿಗೆ ಜಗಳಾಡ್ತಾಳ.
ತುಸು ಅಂದ್ರ ಎಷ್ಟರಿ?
ಒಂದು ಚರಿಗಿ? ಅರ್ಧ ಸೇತುವಿ?

ವಾಪಸ ಬರೂವಾಗ ಅದ ಹಾದಿ.
ಕಿಡಕಿ ಕಡೆ ಅವನು, ಗುಳಿಗಿ ಚೀಟಿ ನನ್ನ ಉಡ್ಯಾಗ.
ನೀರಿನ ನಟ್ಟನಡುವ
ಹಿಂದಿನ ಲಾರಿ ಹಾರ್ನ್ ಹೊಡೀತು.
ನನ್ನ ಮುಂಗೈ ಗಟ್ಟಿ ಹಿಡದ.
"ಅವ್ವಾ, ಇದು ಖರೇನ ಐತೇನ,
ನನಗಷ್ಟ ಕೇಳಸ್ತೇನ?"

ಇದು ನನಗೂ ಕೇಳಸ್ತಪಾ, ಅಂದೆ.