ಮೈಸೂರಿನ ಗಾಳಿ

ಜನವರಿ, ಮಧ್ಯಾಹ್ನ ಮೂರೂ ಇಪ್ಪತ್ತು.
ಮಂಡಕಳ್ಳಿಯ ಗೋಪುರದಲ್ಲಿ ನಾನೊಬ್ಬಳೇ,
ಡಬ್ಬಿಯಲ್ಲಿ ಅರ್ಧ ಚಿತ್ರಾನ್ನ ಉಳಿದಿತ್ತು.
ಆಗ ಅವಳ ದನಿ: ಲಿಮಾ ಕಿಲೋ,
ಇಂಜಿನ್ ಕೆಮ್ಮುತ್ತಿದೆ,
ಎಣ್ಣೆಯ ಮುಳ್ಳು ಸೊನ್ನೆಗೆ ಬಂದು ಕೂತಿದೆ.

ಪುಸ್ತಕದಲ್ಲಿದ್ದಂತೆ ಕೇಳಿದೆ:
ಎತ್ತರ ಎಷ್ಟು, ಇಂಧನ ಎಷ್ಟು ನಿಮಿಷ,
ಒಳಗೆ ಎಷ್ಟು ಜೀವ.
ಜೀವ ಎಂದೇ ಕೇಳಬೇಕು, ಜನ ಎನ್ನಬಾರದು,
ಯಾವ ಪುಣ್ಯಾತ್ಮ ಮಾಡಿದ ನಿಯಮವೋ.
"ಒಂದು" ಅಂದಳು. ಆಮೇಲೆ, ತಡೆದು, "ನಾನೇ."

ಕೊಡಗೆಂದರೆ ನನಗೆ ನಕ್ಷೆಯಲ್ಲೊಂದು
ಬೆರಳಗಲದ ಕಂದು, ಅದರ ಮೇಲೆ ಅಂಕಿ.
ಹಿಂದಕ್ಕೆ ಬಾ ಎನ್ನುವಂತಿರಲಿಲ್ಲ, ನಡುವೆ ನಾಗರಹೊಳೆ,
ಬರೀ ತೇಗ, ಹೊನ್ನೆ, ಬಿದಿರು,
ಹದ್ದಿಗಷ್ಟೇ ಕೂರಲು ಜಾಗ.
"ಕೆಳಗೇನಿದೆ?"
"ಕಾಫಿ. ಸಿಲ್ವರ್ ಓಕ್. ಕಾಫಿ.
ಒಂದು ಕೆರೆ. ತಡೀರಿ, ಗದ್ದೆ.
ಕೊಯ್ದ ಗದ್ದೆ, ಉದ್ದಕ್ಕೂ ಇದೆ, ತುದಿಯಲ್ಲಿ ಬಾಗಿದೆ."
ಗಾಳಿ ಪೂರ್ವದಿಂದ, ಆರು ನಾಟ್, ಅಂದೆ.
ಅದು ನನ್ನ ಕಿಟಕಿಯ ಗಾಳಿ,
ನಮ್ಮ ರನ್‌ವೇ ಪಕ್ಕದ ಬಟ್ಟೆಚೀಲ ಊದಿಸಿದ ಗಾಳಿ.

ನಾಲ್ಕು ಸಾವಿರ ಅಡಿಗಿಂತ ಕೆಳಗಿಳಿದರೆ
ಬೆಟ್ಟ ನನ್ನ ಕಿವಿಗೆ ಅಡ್ಡ ನಿಲ್ಲುತ್ತದೆ.
ಇಬ್ಬರಿಗೂ ಗೊತ್ತಿತ್ತು.
ಇಂಗ್ಲಿಷ್ ಬಿಟ್ಟು, ನಿಯಮ ಬಿಟ್ಟು ಅಂದೆ:
ಬೆಲ್ಟು ಬಿಗಿ ಮಾಡ್ಕೋ, ಬಾಗಿಲು ಸ್ವಲ್ಪ ತೆಗೆದಿಡು,
ಹೆದರ್ಬೇಡ ಕಣೆ.
"ಹೂಂ ಅಕ್ಕ" ಎಂದಳೋ, "ಹೊಗೆ ಅಕ್ಕ" ಎಂದಳೋ.
ಆಮೇಲೆ ಬರೀ ಕಡಲೆ ಹುರಿದಂಥ ಸದ್ದು.

ಕಣ್ಣೂರಿಗೆ ಹೊರಟಿದ್ದ ದೊಡ್ಡ ವಿಮಾನವೊಂದು
ನನ್ನ ಪರವಾಗಿ ಮೇಲಿನಿಂದ ಅವಳನ್ನು ಕರೆಯಿತು,
ಓಣಿಯಲ್ಲಾಡುವ ಮಗುವನ್ನು ಮಹಡಿಯಿಂದ ಕೂಗಿದಂತೆ.
ಲಿಮಾ ಕಿಲೋ, ಲಿಮಾ ಕಿಲೋ.
ಆ ಕ್ಯಾಪ್ಟನ್ನನ ಮಲಯಾಳಿ ನಾಲಿಗೆಯಲ್ಲಿ
ಕಿಲೋ ಉದ್ದವಾಗುತ್ತ ಹೋಯಿತು.

ಹದಿನಾಲ್ಕು ನಿಮಿಷ.
ಚಿತ್ರಾನ್ನದ ಮೇಲೊಂದು ನೊಣ. ಓಡಿಸಲಿಲ್ಲ.

ಮೇಜಿನ ಫೋನು:
"ವಿಮಾನದ ಆಫೀಸಾ? ನಾನು ಉತ್ತಯ್ಯ,
ಬಾಳೆಲೆ ಕಡೆ ತೋಟದ ರೈಟರು.
ಇಲ್ಲೊಂದು ವಿಮಾನ ಗದ್ದೆಗೆ ಬಂದು ಮೂಗೂರಿ ಕೂತಿದೆ,
ಹುಡುಗಿ ಈ ನಂಬರು ಕೊಟ್ಟಳು."
ಅವಳು ಹೇಗಿದ್ದಾಳೆ ಎಂದು ಬಾಯಿ ತೆರೆಯುವಷ್ಟರಲ್ಲಿ
ಆ ಕಡೆ ಢಂ ಎಂದು ಕೋವಿ ಸಿಡಿಯಿತು.
ಏನದು, ಏನದು, ಕಿರುಚಿದೆ.
"ಎರಡನೆಯದು ಬರಲಿಲ್ಲ ಅಲ್ವಾ ಮೇಡಂ?
ಸಾವಿಗೆ ನಮ್ಮಲ್ಲಿ ಜೋಡಿ ಗುಂಡು. ಇದು ಒಂದೇ,
ಮಗು ಹುಟ್ಟಿದಾಗ ಹಾರಿಸೋದು, ಅದೂ ಗಂಡಾದರೆ.
ನಮ್ಮ ಮುದುಕಿ ಕೇಳಲಿಲ್ಲ, ಹಾರಿಸಿಬಿಟ್ಟಳು.
ತುಟಿ ಒಡೆದಿದೆ ಅಷ್ಟೆ. ಚಾ ಕುಡೀತಿದ್ದಾಳೆ,
ಸಕ್ಕರೆ ಸಾಲದಂತೆ."

ಹದಿನೈದು ದಿನ ಬಿಟ್ಟು ಗೋಪುರಕ್ಕೆ ಬಂದಳು, ತುಟಿಗೆ ಹೊಲಿಗೆ.
ಹೆಸರು ನೀಲಾಂಬಿಕೆ, ಇಳಕಲ್ಲಿನವಳು,
ಅಜ್ಜಿಯ ಹೆಸರಂತೆ. ಅಲ್ಲಿವರೆಗೆ ನನಗವಳು ಎರಡಕ್ಷರ.
"ಅಕ್ಕ, ನೀವು ಹೇಳಿದ ಗಾಳಿ ಅಲ್ಲಿರಲಿಲ್ಲ" ಅಂದಳು.
ಗದ್ದೆಯಂಚಿಗೆ ಒಬ್ಬಾಕೆ ಕಸ ಸುಡುತ್ತಿದ್ದಳಂತೆ,
ಪಣಿ ಎರವರ ಚೋಮಿ.
ಹೊಗೆ ಪೂರ್ವಕ್ಕೆ ಮಲಗಿತ್ತು.
ಅದನ್ನು ನೋಡಿ ತಿರುಗಿಸಿ, ಪಡುವಣಕ್ಕೆ ಮುಖ ಮಾಡಿ ಇಳಿದಳು.
"ಬೆನ್ನ ಗಾಳಿಗೆ ಇಳಿದಿದ್ದರೆ, ಆ ತುದಿಯ ಓಕ್ ಮರ..."
ನಗಲು ಹೋದಳು, ಹೊಲಿಗೆ ಎಳೆಯಿತು.

ನನ್ನ ಪುಸ್ತಕದಲ್ಲಿ ಇನ್ನೂ ಇದೆ: ಗಾಳಿ ಪೂರ್ವ, ಆರು.
ಸುಳ್ಳು ಬರೆದಿಲ್ಲ.

ಜೂನಿನಲ್ಲಿ ಮತ್ತೆ ಉತ್ತಯ್ಯ, ಮಳೆಯೊಳಗಿಂದ:
"ರೆಕ್ಕೆ ಬಿಚ್ಚಿ ಲಾರಿಯಲ್ಲಿ ಒಯ್ದರು, ಸರಿ.
ಚಕ್ರ ಒಡೆದ ಬದು ಹಾಗೇ ಇತ್ತು ಮೇಡಂ,
ನಾಟಿಗೆ ನೀರು ನಿಲ್ಲಲಿಲ್ಲ.
ಚೋಮಿ ಎರಡು ದಿನ ಮಣ್ಣು ಹೊತ್ತಳು, ಅವಳ ಕೂಲಿ
ನಿಮ್ಮಲ್ಲಿ ಯಾರು..."
ಅಲ್ಲಿಗೆ ಕಡಿಯಿತು.

ಮತ್ತೆ ಮಾಡುತ್ತಿದ್ದೇನೆ, ಬೆಟ್ಟ ಬಿಡುತ್ತಿಲ್ಲ.
ಉತ್ತಯ್ಯ, ಉತ್ತಯ್ಯ, ಕೇಳ್ತಿದೆಯಾ,
ಎಷ್ಟು ಕೂಲಿ, ಹೇಳಿ.