ಒಡೆದವುಗಳ ದಫ್ತರ

ವಿಶ್ವವಿದ್ಯಾಲಯದ ಚರಿತ್ರೆ ಬರೆಯುತ್ತಾರಂತೆ,
ದಪ್ಪ ಪುಸ್ತಕ, ಬಂಗಾರದ ಅಂಚು,
ಒಳಗೆ ಗಡಿಯಾರ ಗೋಪುರ, ಮೊದಲ ಘಟಿಕೋತ್ಸವ.
ಕೊರಳಿಗೆ ಕ್ಯಾಮೆರಾ ನೇತುಹಾಕಿದ ಹುಡುಗನೊಬ್ಬ
ನನ್ನ ಉಗ್ರಾಣಕ್ಕೂ ಇಳಿದು ಬಂದ:
"ಉಮ್ಮರಬ್ಬ, ಮೂವತ್ತು ವರ್ಷ ಇಲ್ಲಿದ್ದಿರಿ. ಏನಾದರೂ ಹೇಳಿ."

ಎಂತ ಹೇಳುವುದು? ನನ್ನ ಬಳಿ ಇರುವುದು ಈ ದಫ್ತರ.
ಅರಬಿಯಲ್ಲೂ ಇದಕ್ಕೆ ದಫ್ತರವೇ,
ಆ ಒಂದು ಪದ ಕಲಿಯುವ ಕಷ್ಟ ಇರಲಿಲ್ಲ.
ತಾರೀಕು, ವಸ್ತು, ಒಡೆದವರ ಹೆಸರು, ದರ.
ರಸಾಯನಶಾಸ್ತ್ರ ವಿಭಾಗ, ನೆಲಮಾಳಿಗೆ, ಅಲ್ ಖೌದ್.

ನಾನು ಗಾಜು ಊದುವವನು.
ಉಳ್ಳಾಲದಲ್ಲಿ ಗೋಲಿಸೋಡಾ ಬಾಟಲಿ ತೊಳೆದ ಕೈ.
ಮುರಿದ ಬ್ಯೂರೆಟ್ಟಿನ ಮೂತಿಯನ್ನು ಉರಿಗೆ ಹಿಡಿದು
ಕೆನ್ನೆಯುಬ್ಬಿಸಿ, ಮತ್ತೆ ದುಡಿಮೆಗೆ ಕಳಿಸುತ್ತೇನೆ.

ಎಂಬತ್ತಾರು, ಮೊದಲ ಸಾಲು: ಸೂರ್ ಊರಿನ ಖಲ್ಫಾನ್,
ಮಂಜಿ ಕಟ್ಟುವವರ ಮನೆಯ ಹುಡುಗ. ಬೀಕರ್, ಒಂದು.
ಹಗ್ಗ ಎಳೆದ ಕೈ ಅದು,
ಗಾಜು ತನ್ನ ಮಾತು ಕೇಳದ್ದಕ್ಕೆ ಅವನಿಗೇ ಆಶ್ಚರ್ಯ.
ಎರಡನೆಯವನು ನಿಜ್ವಾದವನು. ದರ ಕೇಳಿ ಸುಮ್ಮನೆ ಹೋದವನು
ಮರುದಿನ ಒಂದು ಡಬ್ಬ ಖರ್ಜೂರ ತಂದಿಟ್ಟ.
ಕಾಲಮ್ಮಿನಲ್ಲಿ ಅದನ್ನೇ ಬರೆದೆ: ಖರ್ಜೂರ.
ಅಲೆಕ್ಸಾಂಡ್ರಿಯಾದ ಲೆಕ್ಕ ತನಿಖೆಯವನು ಕೆಂಪು ಗೆರೆ ಎಳೆದು
ಬದಿಯಲ್ಲಿ ಬರೆದ: ಉಳಿದಿದ್ದರೆ ಕಳಿಸಿ.

ಆಗ ಮರಗಳಿರಲಿಲ್ಲ. ಬಿಳಿ ಕಮಾನು, ಬಿಳಿ ಬಿಸಿಲು.
ಮೇಲಿನ ಓಣಿಯಲ್ಲಿ ಹುಡುಗಿಯರು, ಕೆಳಗಿನದರಲ್ಲಿ ಹುಡುಗರು.
ಮೋಡವಿಲ್ಲದ ಊರಿನಲ್ಲಿ ಗುಡುಗೆಂದರೆ
ಎಂಟರ ತರಗತಿಗೆ ತಡವಾದವರು.

ಉಪವಾಸದ ಬಾಯಿಯಲ್ಲಿ ಪಿಪೆಟ್ಟು ಹೀರಬಹುದೇ
ಎಂದು ಇಮಾಮರನ್ನೇ ಕೇಳಿ ಬಂದ ಒಬ್ಬ.
ರಬ್ಬರ್ ಬುರುಡೆ ಬಂದ ವರ್ಷ
ಆ ಪ್ರಶ್ನೆ ತಾನಾಗಿ ತೀರಿತು.

ಎರಡು ಸಾವಿರದ ಏಳು, ಜೂನ್, ಗೋನು ಚಂಡಮಾರುತ.
ವಾದಿ ಉಕ್ಕಿ, ಉಗ್ರಾಣದಲ್ಲಿ ಮೊಣಕಾಲು ನೀರು.
ಊರಿಗೆ ಹೋಗಲಾಗದೆ ಉಳಿದ ಹುಡುಗರು ಸಾಲುಗಟ್ಟಿ
ಕತ್ತಲಲ್ಲಿ ಕೈಯಿಂದ ಕೈಗೆ ಪೆಟ್ಟಿಗೆ ದಾಟಿಸಿದರು.
ಆ ಪುಟದಲ್ಲಿ ಒಂದೇ ಸಾಲು: ಅಳತೆಯ ಜಾಡಿ, ಒಂದು.
ಹೆಸರಿನ ಜಾಗದಲ್ಲಿ: ನೀರು.

ಎಂಬತ್ತೊಂಬತ್ತರ ಮಾರ್ಚಿಗೆ ಬನ್ನಿ.
ಕಂಡೆನ್ಸರ್, ಸುರುಳಿಯದು, ಜರ್ಮನಿಯಿಂದ ಬಂದದ್ದು.
ಹೆಸರು ಖಾಲಿ.
ಬೆಳಿಗ್ಗೆ ಬಾಗಿಲು ತೆಗೆದರೆ ಚೂರುಗಳನ್ನು
ಹಳೆಯ ಪೇಪರಿನಲ್ಲಿ ಹಸುಗೂಸಿನ ಹಾಗೆ ಸುತ್ತಿ
ನನ್ನ ಮೇಜಿನ ಮೇಲೆ ಮಲಗಿಸಿದ್ದರು.
ಕೇಳಿದೆ. ಇಡೀ ತರಗತಿ ತಲೆ ತಗ್ಗಿಸಿತು.

ಹೋದ ವಾರ ವಿಭಾಗದ ಮುಖ್ಯಸ್ಥೆ, ಡಾಕ್ಟರ್ ನಸ್ರಾ, ಇಳಿದು ಬಂದರು.
ಇನ್ನು ಎಲ್ಲ ಕಂಪ್ಯೂಟರಿನಲ್ಲಿ, ದಫ್ತರ ಬೇಡ, ಎಂದು ಹೇಳಲು.
ಹೇಳಿದರು. ನಿಂತೇ ಇದ್ದರು.
"ಎಂಬತ್ತೊಂಬತ್ತರದು ಇದೆಯೇ?"
ಪುಟ ನಾನು ತೋರಿಸಬೇಕಾಗಲಿಲ್ಲ,
ಬೆರಳು ನೇರ ಆ ಸಾಲಿಗೇ ಹೋಯಿತು.
ನನ್ನ ಪೆನ್ನು ಕೇಳಿ ಪಡೆದು, ಖಾಲಿ ಜಾಗದಲ್ಲಿ
ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಮನೆತನ,
ಜಾಗ ಸಾಲದೆ ದರದ ಕಾಲಮ್ಮಿಗೂ ಹರಿಯಿತು ಶಾಯಿ.
"ಈಗ ಎಷ್ಟಾಗುತ್ತದೆ?"
ಚಾ ತರಿಸಿ ಮೇಡಂ, ಅಂದೆ.
ತರಿಸಿದರು. ಸಕ್ಕರೆ ಜಾಸ್ತಿಯಾಗಿತ್ತು.

ಕ್ಯಾಮೆರಾದ ಹುಡುಗನಿಗೆ ಇದನ್ನು ಹೇಳಲಿಲ್ಲ.
ಗೋಪುರದ ಗಡಿಯಾರ ಸರಿ ಹೊತ್ತು ತೋರಿಸುತ್ತದೆ, ಅಂದೆ.
ಬರೆದುಕೊಂಡ.

ಮೊದಲ ಸಾಲಿಗೂ ಮೊದಲು, ರಟ್ಟಿನ ಒಳಬದಿಯಲ್ಲಿ
ನನ್ನದೇ ಅಕ್ಷರದ ಒಂದು ಟಿಪ್ಪಣಿ ಇದೆ:
ಫ್ಲಾಸ್ಕು, ಒಂದು ಪೆಟ್ಟಿಗೆ. ಸಾಗಾಟದಲ್ಲಿ ಒಡೆದದ್ದು.
ಕೆಲಸಕ್ಕೆ ಸೇರಿದ ಎರಡನೆಯ ದಿನ.
ಮೆಟ್ಟಿಲು, ಹೊಸ ಚಪ್ಪಲಿ, ನಾನು.

ಪೆನ್ನು ಕೈಯಲ್ಲೇ ಇದೆ.
ತಲೆಯ ಮೇಲೆ ಹೆಜ್ಜೆಗಳು ಶುರುವಾದವು.
ಎಂಟಾಯಿತು.