ಶನಿವಾರದ ಎಣ್ಣೆ

ಬಂದರಿನ ಓಣಿಯಲ್ಲಿ, ಒಣಮೆಣಸಿನ ಗೋದಾಮಿಗೆ ತಾಗಿಕೊಂಡು
ದೂಮಪ್ಪ ಆಚಾರಿಯ ಅಂಗಡಿ.
ಬಟ್ಟೆಚೀಲದಿಂದ ತೆಗೆದು ಮೇಜಿಗಿಟ್ಟೆ.
ಲೈಸೆನ್ಸು ನೋಡಿದರು, ಆಮೇಲೆ ನನ್ನ ಮುಖ,
ಕೊನೆಗೆ ರಿವಾಲ್ವರು.
ಮೂರು ಸಲ ಸೀನಿದರು, ಮೆಣಸಿನ ಘಾಟಿಗೆ.

"ಸಾವಿರದ ಒಂಬೈನೂರ ನಲವತ್ತೆರಡು"
ಬುಡದ ಮುದ್ರೆಯನ್ನು ಉಗುರಲ್ಲಿ ಕೆರೆದು ಓದಿದರು.
"ಪೂರಾ ಉಜ್ಜಿ, ನೀಲಿ ಕುಡಿಸಿ ಕೊಡುತ್ತೇನೆ.
ಮದುಮಗನ ಹಾಗೆ ಬರ್ತದೆ. ಹದಿನೈದು ದಿನ."

ಹಾಗೆ ಬರಲಿ ಅಂತಲೇ ಬಂದದ್ದು ನಾನು.
ಆದರೆ ಪಾಲಿಟೆಕ್ನಿಕ್ಕಿನಲ್ಲಿ ಲೇತು ಕಲಿಸುವವಳು;
ಹುಡುಗರಿಗೆ ಮೊದಲ ದಿನ ಹೇಳುವುದು ಒಂದೇ ಮಾತು:
ಕಡಿಮೆ ತೆಗೆದರೆ ಮತ್ತೆ ತೆಗೆಯಬಹುದು,
ಹೆಚ್ಚು ತೆಗೆದರೆ ಮನೆಗೆ ಹೋಗಬಹುದು.

ಅಜ್ಜ ಪಟಾಲಮ್ಮಿನ ಡಾಕ್ಟರು.
ಬರ್ಮಾದ ಗಡಿಯ ಕೆಸರಲ್ಲಿ ಮೂರು ವರ್ಷ
ಸೊಂಟದಲ್ಲಿ ಇದು, ಕೈಯಲ್ಲಿ ಕತ್ತರಿ.
ಯಾರಿಗಾದರೂ ಹೊಡೆದರೇ?
ಲಿಯಾಂದ್ರ್ ಮಾಮ ಇಬ್ಬರು ಅನ್ನುತ್ತಿದ್ದ,
ಮೂರನೇ ಪೆಗ್ಗಿಗೆ ಐವರು.
ಅಜ್ಜನನ್ನೇ ಕೇಳಿದರೆ,
"ಊಟ ಮಾಡು, ಗಂಜಿ ತಣಿಯುತ್ತದೆ."

ಈ ಕಂದು ಬಣ್ಣ ಅಲ್ಲಿಯದೇ ಎಂದು ನಂಬಿದ್ದೆ:
ಕೆಸರು, ಬೆವರು, ಬಾಯಿಬಿಟ್ಟು ಹೇಳಬಾರದ ಇನ್ನೇನೋ.
ಒರೆಸಿದರೆ ತಪ್ಪಾದೀತೇ, ಒರೆಸದಿದ್ದರೆ ತಪ್ಪೇ
ಬಿಜೈಯಿಂದ ಇಲ್ಲಿಯವರೆಗೆ ಆಟೋದಲ್ಲಿ ಅದೇ ಗಾಣ.

ಆಚಾರಿ ಹತ್ತಿಯನ್ನು ಸೀಮೆಎಣ್ಣೆಗೆ ಅದ್ದಿ
ಮೂಲೆಯೊಂದನ್ನು ತಿಕ್ಕಿದರು. ಮೂಸಿದರು.
ಮತ್ತೊಮ್ಮೆ ಮೂಸಿ ನನ್ನತ್ತ ಹಿಡಿದರು.

"ತುಕ್ಕಲ್ಲ ಟೀಚರೇ, ತೆಂಗಿನೆಣ್ಣೆ.
ಯಾರೋ ವರ್ಷಗಟ್ಟಲೆ ಹಚ್ಚಿ ಹಚ್ಚಿ ಗೋಂದಾಗಿದೆ.
ಬಂದೂಕಿಗೆ ತೆಂಗಿನೆಣ್ಣೆ ಹಚ್ಚುವುದುಂಟಾ ಮಾರಾಯ್ರೆ!"

ಉಂಟು.
ಕೊಸೆಸಾಂವ್ ಬಾಯಿ, ನನ್ನ ಅಜ್ಜಿ, ಶನಿವಾರ ಬೆಳಿಗ್ಗೆ
ಗಂಡುಮಕ್ಕಳ ತಲೆ, ಹೆಣ್ಣುಮಕ್ಕಳ ತಲೆ,
ಹೊಲಿಗೆ ಮಿಷನ್ನಿನ ಬಾಯಿ, ಕಿರುಗುಟ್ಟುವ ಹಿಂಬಾಗಿಲು,
ಅಂಗೈಯಲ್ಲಿ ಇನ್ನೂ ಜಿಡ್ಡು ಉಳಿದರೆ ಇದು.
ಪೋಲು ಮಾಡುವ ಮನೆಯಲ್ಲ ನಮ್ಮದು.
ಅಲಮಾರಿನ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ
ಅಜ್ಜ ಬಾವಿಕಟ್ಟೆಯ ಹತ್ತಿರ
ತುಂಬಿದ ಕೊಡಪಾನವನ್ನೇ ತುಂಬಿಸುತ್ತಿದ್ದ.

ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು.
ಮತ ಎಣಿಸಿ ಮುಗಿದು ಮನೆಗೆ ಬಂದದ್ದನ್ನು
ತಿರುಗಿಸಿ ತಿರುಗಿಸಿ ನೋಡಿ ಅನ್ನುತ್ತಿದ್ದಳು:
"ಬಡವಾಗಿ ಬಂದಿದೆ."
ಬೋರ್ಡಿಂಗ್ ಶಾಲೆಯಿಂದ ನಾನು ಬಂದಾಗ ಅಂದದ್ದೂ ಅದನ್ನೇ.

ಅಜ್ಜ ಹೋದ ಮೇಲೂ ಇಪ್ಪತ್ತೆರಡು ವರ್ಷ ಹಚ್ಚಿದಳು.
ಯಾಕೆಂದು ಕೇಳಲಿಲ್ಲ ಯಾರೂ.
ಬಾಗಿಲಿಗೆ ಯಾಕೆ ಹಚ್ಚುತ್ತೀ ಅಂತ ಕೇಳುತ್ತಾರೆಯೇ?

ತಿಕ್ಕಿದ ಜಾಗ ನಾಲ್ಕಾಣೆಯಷ್ಟಗಲ.
ಅಲ್ಲಿ ಉಕ್ಕು, ಬೂದು, ಸಿಡುಬಿನ ಕಲೆಯಂಥ ಗುಳಿಗಳು.
ಅಜ್ಜ ಹೇಳದೆ ಹೋದದ್ದು
ಅಷ್ಟೇ ಅಗಲ ಕಣ್ಣು ಬಿಟ್ಟು ನೋಡುತ್ತಿತ್ತು.
ಉಳಿದದ್ದರ ಮೇಲೆಲ್ಲ ಅವಳ ಕೈ.

"ಒಳಗೆ?" ಎಂದೆ.
ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೇ ಕಣ್ಣಲ್ಲಿ ನೋಡಿದರು.
"ಒಳಗೆ ತುಕ್ಕು ಉಂಟು. ಕೆಂಪು ತುಕ್ಕು.
ಅಲ್ಲಿಗೆ ಬೆರಳು ಹೋಗಬೇಕಲ್ಲ."

ಹೋಗಲಿಲ್ಲ. ಐವತ್ತು ವರ್ಷ
ಹೊರಗಿನಿಂದಲೇ ಹಚ್ಚಿದಳು.

"ಒಳಗಿನದು ಮಾತ್ರ ತೆಗೆಯಿರಿ."
"ಹೊರಗೆ?"
"ಬೇಡ."
"ಈ ತಿಕ್ಕಿದ ಜಾಗ? ಎದ್ದು ಕಾಣ್ತದೆ."
"ಕಾಣಲಿ."
ಗಿರಾಕಿ ಕೆಟ್ಟಳೆಂಬಂತೆ ತಲೆಯಾಡಿಸಿ
ಕಂಬಿಗೆ ಬಟ್ಟೆ ಸುತ್ತಿದರು. ಅರ್ಧ ಗಂಟೆ.
ಇನ್ನೂರೈವತ್ತು ರೂಪಾಯಿ.

ಮರಳುವಾಗ ಆಟೋದಲ್ಲಿ ಚೀಲ ಮಡಿಲ ಮೇಲೆ.
ಸೀಮೆಎಣ್ಣೆ ಆರಿದಂತೆ ಅದರಡಿಯಿಂದ
ಹಳೆ ಡಬ್ಬಿಯ ಕಮಟು ಎದ್ದು ಬಂತು.
ಹಂಪನಕಟ್ಟೆಯ ಸಿಗ್ನಲಿನಲ್ಲಿ ಡ್ರೈವರ್ ತಿರುಗಿ ನೋಡಿದ:
"ಎಂತ ಅಕ್ಕ, ಚಕ್ಕುಲಿಯಾ?"

ಹೌದು, ಅಂದೆ.
ಅಜ್ಜಿ ಮಾಡಿದ್ದು.